ಮೈಕ್‌ಸೆಟ್ಟಿನವನು ಕೆರೆದ ಕೆಂಪು ಗೀಟು

ನನ್ನ ಕಿವಿ ಹಾಳು ಮಾಡಿದವನಿಗೆ ಬಹುವಚನ ಹಚ್ಚುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಮಾಲೂರಿನಲ್ಲಿ ಅವನದೊಂದು ಮೈಕ್‌ಸೆಟ್ ಅಂಗಡಿ ಇತ್ತು. ಮದುವೆ, ನಾಮಕರಣ, ಎಲೆಕ್ಷನ್ನು, ಯಾವುದಕ್ಕಾದರೂ ಹಾರ್ನು ಬಾಡಿಗೆಗೆ ಕೊಡುತ್ತಿದ್ದ. ಮಿಕ್ಕ ಹೊತ್ತಿನಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ. ನಮ್ಮ ಕಡೆ ಮೈಕ್‌ಸೆಟ್ಟಿಗೆ ಇದ್ದದ್ದು ಒಂದೇ ಅಳತೆ: ಪಕ್ಕದ ಊರಿಗೆ ಕೇಳಿಸಬೇಕು. ಕೇಳಿಸದಿದ್ದರೆ ಮದುವೆ ಮನೆಯವರ ಮರ್ಯಾದೆ ಹೋದಂತೆಯೇ. ದೇವರಾಯಸಮುದ್ರದಲ್ಲಿ ಹುಣಸೆಮರಕ್ಕೆ ತಾನು ಕಟ್ಟಿದ ಹಾರ್ನು ಕೆರೆಯಾಚೆಯ ಊರುಗಳಿಗೂ ಕೇಳಿಸಿತ್ತೆಂದು ಅಂಗಡಿಗೆ ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ದಿನಾ ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ಟೆಲಿಫೋನ್ ಆಪರೇಟರ್. ನಮ್ಮ ಮನೆಯಲ್ಲಿ ಸಂಬಳ ತಂದ ಮೊದಲ ಹೆಣ್ಣು ನಾನೇ, ಆ ಜಂಬ ನನಗೆ ಸಾಕಷ್ಟಿತ್ತು. ಬೋರ್ಡಿನ ಮುಂದೆ ಕೂತರೆ ಉಸಿರು ಕೇಳಿಯೇ ಯಾವ ಸೆಕ್ಷನ್ನಿನವರೆಂದು ಹೇಳುತ್ತಿದ್ದೆ. ಸಾಹೇಬರು ಬಾಯಿ ತೆರೆಯುವ ಮುಂಚೆ ಲೈನು ಕೊಟ್ಟಿರುತ್ತಿದ್ದೆ.

ಅಕ್ಕನನ್ನು ಯಲ್ದೂರಿಗೆ ಕೊಟ್ಟಿತ್ತು. ಭಾವ ಗಲ್ಫಿನಲ್ಲಿ ಡ್ರೈವರ್. ಒಮ್ಮೆ ರಜಕ್ಕೆ ಬಂದಾಗ ನನಗೆಂದು ಕಿವಿಗೆ ಹಾಕಿಕೊಂಡು ಕೇಳುವ ಅಂಗೈಯಗಲದ ಟೇಪ್‌ರೆಕಾರ್ಡರ್ ತಂದುಕೊಟ್ಟರು. ಸದ್ದು ಹೆಚ್ಚು ಕಡಿಮೆ ಮಾಡುವ ಚಕ್ರದ ಪಕ್ಕ ಒಂದು ಕೆಂಪು ಗೀಟು ಇತ್ತು.

"ನೋಡಮ್ಮಾ, ಚಕ್ರ ಈ ಗೀಟಿನ ಹತ್ರ ನಿಂತ್ಕೊಳುತ್ತೆ," ಎಂದರು ಭಾವ. "ಕಿವಿ ಕೆಡ್ದೇ ಇರ್ಲಿ ಅಂತ ಮಾಡ್ದೋರೇ ತಡೆ ಇಟ್ಟವ್ರೆ. ಬಲವಂತ ಮಾಡಿ ತಿರುಗಿಸ್ಬೇಡ."

ನಾನು ತಿರುಗಿಸಲಿಲ್ಲ. ಹೆಂಗಸರ ಡಬ್ಬಿಯ ಗಲಾಟೆ ಗೊತ್ತಲ್ಲ, ಒಬ್ಬರು ಅವರೆಕಾಯಿ ಸುಲಿಯುತ್ತಾ ಸೊಸೆಯನ್ನು ಬೈದರೆ ಇನ್ನೊಬ್ಬರು ಹೂ ಕಟ್ಟುತ್ತಾ ಅತ್ತೆಯನ್ನು ಬೈಯುವರು. ಅದರ ಮೇಲೆ ಗಾಲಿಯ ಸದ್ದು. ಅಷ್ಟರ ನಡುವೆ ಹಾಡು ಸಣ್ಣಗೆ ಕೇಳಿಸುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಒಂದು ದಿನ ಎಡಗಿವಿಯಲ್ಲಿ ಹಾಡು ನಿಂತುಹೋಯಿತು. ವೈರು ಬಿಟ್ಟಿರಬೇಕೆಂದು ಅವನ ಅಂಗಡಿಗೆ ಕೊಟ್ಟೆ. ವಾಪಸು ತೆಗೆದುಕೊಳ್ಳಲು ಹೋದರೆ ಗೀಟೇ ಇಲ್ಲ, ಆ ಜಾಗ ಕೆರೆದು ನುಣ್ಣಗಾಗಿತ್ತು.

"ಗೀಟು ಏನಾಯ್ತಣ್ಣಾ?"

"ಕೊಳೆ ಕಣಮ್ಮಾ, ಒರೆಸ್ದೆ. ಫುಲ್ ಸರ್ವಿಸ್ ಮಾಡಿದೀನಿ. ಈಗ ಕೇಳು, ಹೆಂಗ್ ಬರ್ತದೆ!"

"ತಡೆ ಇದೆ ತಾನೇ?"

"ಐತೆ, ಐತೆ. ಒಳಗೈತೆ. ಏಮಮ್ಮಾ, ನನ್ ಮೇಲೇ ಡೌಟಾ?"

ಅವನ ಬಾಯಿಗೆ ಮಣ್ಣು ಬೀಳ! ಮುಖ ನೋಡಿಕೊಂಡೇ ಸುಳ್ಳು ಹೇಳಿದ. ಚಕ್ರವನ್ನು ತಡೆಯುತ್ತಿದ್ದ ಮೊಳೆಯಷ್ಟಗಲದ ತುಂಡನ್ನು ಅವನು ಕತ್ತರಿಸಿ ಎಸೆದಿದ್ದ. ಸದ್ದು ಮಿತಿಯಲ್ಲಿರಲೆಂದು ಒಳಗೆ ಕೂರಿಸಿದ್ದನ್ನೂ ಕಿತ್ತಿದ್ದ. ಹುಣಸೆಮರಕ್ಕೆ ಕಟ್ಟುವ ಹಾರ್ನಿನ ಅಳತೆಯನ್ನು ಕಿವಿಯೊಳಗೆ ಇಡುವ ವಸ್ತುವಿಗೂ ಹಚ್ಚಿದ್ದ. ಸದ್ದು ಜೋರು ಮಾಡೆಂದು ನಾನು ಕೇಳಿರಲಿಲ್ಲ, ಹೇಳಿರಲಿಲ್ಲ.

ಅದೆಲ್ಲ ಗೊತ್ತಾದದ್ದು ಆಮೇಲೆ. ಆಗ ರಿಪೇರಿ ಚೆನ್ನಾಗಿದೆ ಎಂದುಕೊಂಡೆ. ಒಳಗೆ ತಡೆ ಇದೆಯೆಂದು ನಂಬಿ ಚಕ್ರ ನಿಲ್ಲುವವರೆಗೂ ತಿರುಗಿಸಿದರೆ, ಈಗ ಡಬ್ಬಿಯ ಗಲಾಟೆ ಪೂರಾ ಮುಚ್ಚಿಹೋಗುತ್ತಿತ್ತು. ಹೋಗುವಾಗ, ಬರುವಾಗ, ತಿಂಗಳುಗಟ್ಟಲೆ ಕೇಳಿದೆ. ಮೊದಲು ರೈಲಿಳಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಊಟದ ಹೊತ್ತಿಗೆ ಹೋಗುತ್ತಿತ್ತು. ಆಮೇಲಾಮೇಲೆ ಹೋಗಲೇ ಇಲ್ಲ. ಬೋರ್ಡಿನಲ್ಲಿ "ಇನ್ನೊಂದ್ಸಲ ಹೇಳಿ ಸರ್" ಎನ್ನುವುದು ಜಾಸ್ತಿಯಾಯಿತು. ಸಾಹೇಬರು ಕೂಗಾಡಿದರು. ಕೊನೆಗೆ ನನ್ನನ್ನು ಪ್ಯಾಕಿಂಗಿಗೆ ಹಾಕಿದರು. ನನ್ನ ಕುರ್ಚಿಗೆ ಬಂದ ಹುಡುಗಿಗೆ ನಾನೇ ಕೆಲಸ ಕಲಿಸಿಕೊಡಬೇಕಾಯಿತು. ಕೋಲಾರದ ಕಿವಿ ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು: ನರ ಹೋಗಿದೆ, ಮತ್ತೆ ಬರುವುದಿಲ್ಲ.

ಮುಂದಿನ ರಜದಲ್ಲಿ ಭಾವ ಟೇಪ್‌ರೆಕಾರ್ಡರನ್ನು ಬಿಚ್ಚಿ, ತಡೆ ಕಿತ್ತಿರುವುದನ್ನು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. ನಾನು ನೆಟ್ಟಗೆ ಅಂಗಡಿಗೆ ಹೋದೆ. ಅಲ್ಲಿ ಏಳೆಂಟು ಜನ ಟೀ ಕುಡಿಯುತ್ತಾ ನಿಂತಿದ್ದರು.

"ಯಾರನ್ನ ಕೇಳಿ ಕಿತ್ತೆ? ನನ್ ಕೆಲಸ ಹೋಯ್ತಲ್ಲೋ!"

ಅವನು ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ನೋಡ್ರಪ್ಪಾ, ಅಷ್ಟು ಸೌಂಡ್ ಕೊಟ್ರೂನೂ ಕಿವಿ ಕೇಳ್ಸಲ್ವಂತೆ!"

ಎಲ್ಲರೂ ನಕ್ಕರು. ಕಿವಿ ಹೋದದ್ದನ್ನಾದರೂ ನುಂಗಿಕೊಂಡೇನು, ಆ ನಗುವನ್ನು ನುಂಗಲಾಗಲಿಲ್ಲ. ಅಂಗಡಿಗಳ ತಕ್ಕಡಿಗೆ ಸೀಲು ಹಾಕಲು ಬಂದಿದ್ದ ಇನ್‌ಸ್ಪೆಕ್ಟರನ್ನು ಆ ವರ್ಷ ಬೀದಿಯಲ್ಲೇ ತಡೆದು ಕೇಳಿದೆ, ಕಿವಿಗೆ ಹಾಕುವ ಸದ್ದಿಗೂ ಇಷ್ಟೇ ಎಂದು ಒಂದು ಸೀಲು ಇಲ್ಲವೇ ಎಂದು. "ಕೇಜಿ, ಲೀಟರು ನಮ್ದಮ್ಮಾ. ಸೌಂಡ್ ಯಾರ್ದೋ ನಂಗೊತ್ತಿಲ್ಲ," ಎಂದು ಅವರು ಮುಂದಕ್ಕೆ ಹೋದರು. ತೂಕದ ಕಲ್ಲಿಗೆ ಇರುವ ಕಾಯಿದೆ ಮನುಷ್ಯರ ಕಿವಿಗೆ ಇರಲಿಲ್ಲ. ಸರಿ, ನಾನೇ ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಕಿವಿ ಮಂದವಾದವರಿಗೆ ಯಾವುದು ನೋಯಿಸುತ್ತದೆ ಗೊತ್ತೇ? ಬೈಗುಳವಲ್ಲ. ಮನೆಯಲ್ಲಿ ಎಲ್ಲರೂ ನಗುತ್ತಿರುತ್ತಾರೆ, "ಏನು? ಏನಂದ್ರಿ?" ಎಂದು ಕೇಳುತ್ತೇವೆ. ಅವರು ಕೈ ಆಡಿಸಿ "ಏನಿಲ್ಲ ಬಿಡು" ಎನ್ನುತ್ತಾರೆ. ಅಮ್ಮ ಹೇಳಿದಳು, ಅಕ್ಕ ಹೇಳಿದಳು, ಪ್ಯಾಕಿಂಗಿನವರೆಲ್ಲ ಹೇಳಿದರು. ಆ ಒಂದು ಮಾತು ಮಾತ್ರ ತುಟಿ ನೋಡಿಯೇ ತಿಳಿಯುವಷ್ಟು ನನಗೆ ಪಾಠವಾಯಿತು.

ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಮಾಲೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅವನು ಕೂತಿದ್ದ. ಹೆಗಲ ಮೇಲೆ ಟವೆಲು, ಕಿವಿಯಲ್ಲಿ ಹತ್ತಿ. ವರ್ಷಗಟ್ಟಲೆ ಹಾರ್ನಿನ ಪಕ್ಕ ನಿಂತವನಿಗೆ ಕಿವಿ ಪೂರ್ತಿ ಹೋಗಿದೆಯೆಂದು ಊರಲ್ಲಿ ಕೇಳಿದ್ದೆ. ನನ್ನ ಗುರುತು ಹತ್ತಿತೋ ಇಲ್ಲವೋ, ತಾನಾಗಿಯೇ ಕೂಗಿ ಹೇಳಿದ: "ಬೆಂಗ್ಳೂರಿಗೆ ಹೋಗ್ತಿದೀನಮ್ಮಾ. ಕಿವಿ ಡಾಕ್ಟ್ರು. ಇವತ್ತು ಬಿಟ್ರೆ ಇನ್ ಮೂರ್ ತಿಂಗ್ಳು ಸಿಗಲ್ವಂತೆ."

ಅಷ್ಟರಲ್ಲಿ ಜನರೆಲ್ಲ ಚೀಲ ಎತ್ತಿಕೊಂಡು ಹಳಿ ದಾಟತೊಡಗಿದರು. ನನ್ನ ಜೊತೆ ದಿನಾ ಬರುತ್ತಿದ್ದ ಹುಡುಗಿ ತೋಳು ಹಿಡಿದೆಳೆದು, ಎದುರು ಪ್ಲಾಟ್‌ಫಾರಂ ತೋರಿಸಿದಳು. ಗಾಡಿ ಇವತ್ತು ಅಲ್ಲಿಗೆ ಬರುತ್ತದೆಂದು ಸ್ಟೇಷನ್ನಿನ ಮೈಕಿನಲ್ಲಿ ಹೇಳಿದ್ದರಂತೆ.

ಅವನು ಗಾಬರಿಯಿಂದ ಎದ್ದು ನನ್ನ ಮುಖ ನೋಡಿದ. "ಏನಮ್ಮಾ? ಏನಂತೆ?"

ನಾನು ಕೈ ಆಡಿಸಿದೆ. ತುಟಿ ಚೆನ್ನಾಗಿ ಕಾಣಿಸಲೆಂದು ನಿಧಾನವಾಗಿ ಹೇಳಿದೆ: "ಏನಿಲ್ಲ ಬಿಡಣ್ಣಾ."

ಅವನು ತಲೆಯಾಡಿಸಿ ಮತ್ತೆ ಕೂತುಕೊಂಡ.

ಪಾಪ ಅನ್ನಿಸಲಿಲ್ಲವೇ ಎಂದು ಕೇಳಬೇಡಿ. ಇಲ್ಲ. ಹಳಿ ದಾಟುವಾಗ ನನ್ನ ಹೊಟ್ಟೆ ತಣ್ಣಗಾಗಿತ್ತು. ಗಾಡಿ ಬಂತು, ಹತ್ತಿದೆ, ಕಿಟಕಿ ಪಕ್ಕದ ಸೀಟನ್ನೇ ಹಿಡಿದೆ. ಅದೇ ಬೆಂಗಳೂರಿನ ಗಾಡಿಯೆಂದು ಹೊರಟ ಮೇಲೆ ಅವನಿಗೆ ತಿಳಿಯಿತು. ಟವೆಲು ಬೀಸುತ್ತಾ ಪ್ಲಾಟ್‌ಫಾರಂ ಉದ್ದಕ್ಕೂ ಓಡಿದ. ನನ್ನನ್ನೇ ನೋಡಿ ಏನೋ ಕೂಗಿದ, ಬಾಯಿ ಅಷ್ಟಗಲ ತೆರೆದಿತ್ತು. ಬೈದನೋ, ಬೇಡಿಕೊಂಡನೋ. ಆ ಮಾತಿಗಾಗಿ ನಾನು ಇಷ್ಟು ವರ್ಷ ಕಾದಿದ್ದೆ, ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಪಕ್ಕದಲ್ಲಿದ್ದ ಹುಡುಗಿಗೆ ಕೇಳಿಸಿತ್ತು. ಅವಳು ಮುಖ ಚಿಕ್ಕದು ಮಾಡಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

"ಏನಂದ? ಏನಂದ ಹೇಳೇ!" ಎಂದು ಅವಳ ಭುಜ ಅಲುಗಿಸಿದೆ.

ಅವಳು ನನ್ನ ಕಡೆ ತಿರುಗಿ ಕೈ ಆಡಿಸಿದಳು.

"ಏನಿಲ್ಲ ಬಿಡಕ್ಕಾ."