ಕೊಡೆ ಕಡ್ಡಿಯ ನಡುಪಟ್ಟಿ

ಮಧುಗಿರಿಯ ನಮ್ಮ ಮನೆಯಲ್ಲಿ ಆ ವರ್ಷ ಎರಡು ತೊಟ್ಟಿಲು ಕಟ್ಟಿದರು. ಒಂದು ನನ್ನ ಮಗುವಿಗೆ, ಇನ್ನೊಂದು ನನ್ನ ಓರಗಿತ್ತಿಯ ಮಗುವಿಗೆ. ನಾನು ತೌರಿನಲ್ಲಿ ಬಾಣಂತನ ಮುಗಿಸಿ ಬಂದವಳು. ತಾಯಿಯಿಲ್ಲದ ಅವಳಿಗೆ ಅತ್ತೆಯೇ ಮಾಡಿದರು.

ದಿನಾ ನೀರೆರೆದ ಮೇಲೆ ಅತ್ತೆ ತಮ್ಮ ಹಳೆಯ ನೂಲಿನ ಸೀರೆಯನ್ನು ಉದ್ದಕ್ಕೆ ಮಡಿಸಿ ಅವಳ ಹೊಟ್ಟೆಗೆ ಬಿಗಿಯಾಗಿ ಸುತ್ತುತ್ತಿದ್ದರು.

"ಉಸ್ರು ಎಳ್ಕಳೇ. ಇನ್ನೂ ಎಳ್ಕ."

"ಸತ್ತೋಯ್ತೀನಿ ಕಣತ್ತೆ!"

"ನಡ ಬಂದ್ಮ್ಯಾಕೆ ಸಾಯಿವಂತೆ, ಸುಮ್ಕಿರು."

ಇಬ್ಬರೂ ನಗುವರು. ಪರದೆಯ ಈಚೆ ಮಗುವಿನ ಬಟ್ಟೆ ಮಡಿಸುತ್ತಾ ನಾನು ಸುತ್ತು ಎಣಿಸುತ್ತಿದ್ದೆ. ಐದು. ನನ್ನೊಂದಿಗೆ ಅತ್ತೆ ಹಾಗೆ ನಕ್ಕದ್ದೇ ಇಲ್ಲ.

ತೌರಿನಲ್ಲಿ ಅಮ್ಮ ಕಟ್ಟಲು ಬಂದಾಗ ಬೇಡವೆಂದವಳು ನಾನೇ. ಕಾನ್ವೆಂಟಿನಲ್ಲಿ ಓದಿದವಳಿಗೆ ಅದು ಹಳ್ಳಿಯ ಪದ್ಧತಿ ಅನ್ನಿಸಿತ್ತು. ಈಗ ಓರಗಿತ್ತಿಯ ನಡು ಮೊದಲಿನಂತಾಗಿತ್ತು. ನನ್ನನ್ನು ನೋಡಿ ಪಕ್ಕದ ಮನೆಯಾಕೆ, "ಮತ್ತೆ ಎಷ್ಟು ತಿಂಗ್ಳಮ್ಮ?" ಎಂದು ಕೇಳಿಬಿಟ್ಟಿದ್ದಳು. ಮೈದುನನ ಮದುವೆ ಹತ್ತಿರವಿತ್ತು. ಸಿರಾದಿಂದ ಬರುವ ಹೊಸ ಸೊಸೆಯನ್ನು ನಾವಿಬ್ಬರೂ ಹೊಸ್ತಿಲಲ್ಲಿ ನಿಂತು ಆರತಿ ಎತ್ತಿ ಕರೆದುಕೊಳ್ಳಬೇಕು, ಇಡೀ ಬೀದಿಯ ಎದುರು. ಓರಗಿತ್ತಿಯ ಪಕ್ಕದಲ್ಲಿ ಈ ಹೊಟ್ಟೆ ಹೊತ್ತು ನಿಲ್ಲಲಾರೆ.

ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಹಿಂದೊಮ್ಮೆ ಪುಸ್ತಕದಲ್ಲಿ ದೊರೆಸಾನಿಯರು ನಡು ಸಣ್ಣಗೆ ಕಾಣಲು ಬಿಗಿದುಕೊಳ್ಳುವ ಕಾರ್ಸೆಟ್ ತೋರಿಸಿದ್ದರು. ಅದರೊಳಗೆ ತಿಮಿಂಗಿಲದ ಎಲುಬು ಸೇರಿಸುತ್ತಾರಂತೆ. ಮಧುಗಿರಿಯಲ್ಲಿ ತಿಮಿಂಗಿಲಕ್ಕೆ ಎಲ್ಲಿ ಹೋಗಲಿ? ಯಜಮಾನರ ಹರಿದ ಕೊಡೆಯ ಕಡ್ಡಿಗಳನ್ನು ಗೇಣುದ್ದಕ್ಕೆ ಮುರಿದುಕೊಂಡೆ. ದಪ್ಪನೆಯ ಖಾಕಿ ಡ್ರಿಲ್ ಬಟ್ಟೆ ಎರಡು ಪದರ, ನಡುವೆ ಕಾಲರಿಗೆ ಹಾಕುವ ಕ್ಯಾನ್‌ವಾಸು, ಬೆನ್ನಿಗೆ ಲಾಡಿ. ನಡುಪಟ್ಟಿಯ ಹೊಲಿಗೆ ಒಂದಿಷ್ಟೂ ಸೊಟ್ಟಗಿರಲಿಲ್ಲ. ಕಡ್ಡಿಯ ಮುರಿದ ತುದಿಗಳಿಗೆ ಬಟ್ಟೆ ಸುತ್ತುವುದನ್ನು ಮಾತ್ರ ಮರೆತಿದ್ದೆ.

ಮದುವೆಯ ಮಾರನೆಯ ದಿನ ಹೊಸ ಸೊಸೆ ಬಂದಳು. ಒಳಗೆ ಪಟ್ಟಿ ಬಿಗಿದಿದ್ದರಿಂದ ನನ್ನ ಧಾರೆ ಸೀರೆಯ ನೆರಿಗೆ ಅಂದು ನೆಟ್ಟಗೆ ಬಿದ್ದಿತ್ತು. ಓರಗಿತ್ತಿಯ ಕಣ್ಣು ಎರಡು ಸಲ ನನ್ನ ನಡುವಿನತ್ತ ಹೋದದ್ದನ್ನು ನೋಡಿ ಹಿಗ್ಗಿದೆ. ಆರತಿ ತಟ್ಟೆ ಎತ್ತಲು ಬಗ್ಗಿದ್ದೇ ತಡ, ಕಡ್ಡಿಯೊಂದು ಬಟ್ಟೆ ಸೀಳಿಕೊಂಡು ಪಕ್ಕೆಗೆ ಚುಚ್ಚಿತು. "ಅಮ್ಮಾ!" ಎಂದು ಅಲ್ಲೇ ಕುಕ್ಕರಿಸಿದೆ. ಓರಗಿತ್ತಿ ತಟ್ಟೆ ತೆಗೆದುಕೊಂಡು ಒಬ್ಬಳೇ ಆರತಿ ಬೆಳಗಿದಳು. ಚೆನ್ನಾಗಿಯೇ ಬೆಳಗಿದಳು.

ಒಳಗೆ ಅತ್ತೆ ಲಾಡಿ ಬಿಚ್ಚಿ, ಕಡ್ಡಿ ಎಳೆದು ನೋಡಿದರು. "ಅಲ್ವೇ, ಕೊಡೆನ ಹೊಟ್ಟೆಗೆ ಕಟ್ಕಂಡಿದೀಯಲ್ಲೇ! ನಂಗೊಂದ್ ಮಾತು ಹೇಳಿದ್ರೆ ಕಟ್ತಿರ್ಲಿಲ್ವಾ? ಓದ್ದೋಳು, ಬ್ಯಾಡ ಅಂತೀಯ ಅಂತ ಸುಮ್ಕಿದ್ದೆ."

"ಈಗ ಕಟ್ಟಿ ಅತ್ತೆ," ಎಂದೆ.

"ಹಸಿ ಮೈಯಾಗೆ ಕಟ್ಬೇಕಿತ್ತು ಕಣಮ್ಮ. ಈಗೆಲ್ಲಿ ಬಂತು." ಗಾಯಕ್ಕೆ ಅರಿಶಿನ ಒತ್ತಿ ಹೊರಗೆ ಹೋದರು.

ಅಷ್ಟರಲ್ಲಿ ಓರಗಿತ್ತಿ, ಅಳುತ್ತಿದ್ದ ನನ್ನ ಮಗುವನ್ನು ಎತ್ತಿಕೊಂಡು ಬಂದಳು. "ಬುಡಕ್ಕ, ನೀನು ಗುಂಡ್‌ಗುಂಡಗಿದ್ರೇನೇ ಚೆಂದ," ಎಂದಳು. ಅವಳ ಮುಖದಲ್ಲಿ ಕುಚೋದ್ಯವಿರಲಿಲ್ಲ, ಹುಡುಕಿ ನೋಡಿದೆ. ಮಗು ಅವಳ ಹೆಗಲ ಮೇಲೆ ಆಗಲೇ ಅಳು ನಿಲ್ಲಿಸಿತ್ತು. ಕೈಚಾಚಿ ಅದನ್ನು ಕಿತ್ತುಕೊಂಡೆ.