ಮುದಕಪ್ಪನವರು ಬಿಟ್ಟ ಗೀರು

ನಮ್ಮ ಬೈಲಹೊಂಗಲದ ಓಣಿಯಲ್ಲಿ ಯಾರ ಕಾರೇ ಇರಲಿ, ಅದರ ಅಲ್ಯೂಮಿನಿಯಂ ಗಾಲಿ ಮಸುಕಾದರೆ ಮುದಕಪ್ಪನವರಿಗೆ ಊಟ ಸೇರುವುದಿಲ್ಲ. ಭಾನುವಾರ ತಾವೇ ಬಂದು ಗಾಲಿ ಬಿಚ್ಚಿ, ಜಳಕಕ್ಕೆ ಕೂಸುಗಳನ್ನು ಕೂರಿಸಿದ ಹಾಗೆ ತಮ್ಮ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಬಣ್ಣ ಕೀಳುವ ಔಷಧ ಹಚ್ಚಿದಾಗ ಗಾಲಿಯ ಹಳೇ ಬಣ್ಣ ಹಪ್ಪಳದಂತೆ ಉಬ್ಬಿದರೆ ಅವರ ಮೀಸೆಯೂ ಉಬ್ಬುತ್ತದೆ. ಮೊದಲ ಸಲ ಒಲೆಬೂದಿ ಮೆತ್ತಿಟ್ಟು ಗಾಲಿಯನ್ನೇ ಕಪ್ಪು ಮಾಡಿದ್ದರು; "ಹಿತ್ತಾಳಿ ಕೊಡ ಅಂತ ತಿಳಿದೀರೇನು?" ಎಂದು ಹೆಂಡತಿ ಬಾಯವ್ವ ಇಂದಿಗೂ ನಗುತ್ತಾರೆ. ಈಗ ಮರಳುಕಾಗದದಿಂದ ತಿಕ್ಕಿ, ಆಕೆಯ ಹಳೇ ಸೀರೆಯ ತುಂಡಿನಿಂದ ತಾಸುಗಟ್ಟಲೆ ಉಜ್ಜಿ, "ಬಗ್ಗಿ ನೋಡ್ರಿ, ನಿಮ್ಮ ಮಾರಿ ಕಾಣತೈತಿ!" ಎಂದು ದಾರಿಹೋಕರನ್ನೆಲ್ಲ ಕರೆಯುತ್ತಾರೆ. ಬಗ್ಗದೆ ಹೋದವರಿಗೆ ಚಹಾ ಇಲ್ಲ. ಆದರೆ ಅವರದೇ ಕಾರಿನ ಮುಂದಿನ ಎಡಗಾಲಿಯಲ್ಲಿ ಗೇಣುದ್ದದ ಗೀರೊಂದು ಹಾಗೇ ಇದೆ. ಕೇಳಿದರೆ, "ಭಾಳ ಆಳ ಐತ್ರಿ, ಹೋಗೂದಿಲ್ಲ" ಎನ್ನುತ್ತಾರೆ. ಅದಕ್ಕಿಂತ ಆಳದ್ದನ್ನು ನನ್ನ ಗಾಲಿಯಿಂದ ತೆಗೆದವರು ಇವರೇ. ಹಾವು ಕಡಿದ ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಧಾರವಾಡದ ಆಸ್ಪತ್ರೆಗೆ ಓಡಿಸುವಾಗ, ಕಿತ್ತೂರಿನ ತಿರುವಿನಲ್ಲಿ ಕಲ್ಲಿಗೆ ಉಜ್ಜಿದ ಗೀರು ಅದು. ಅದರ ಸುತ್ತಲೂ ಅವರು ಕನ್ನಡಿಯಂಥ ಹೊಳಪು ಕೊಟ್ಟಿದ್ದಾರೆ. ಬಗ್ಗಿ ನೋಡಿದರೆ, ಗೀರಿನ ಪಕ್ಕದಲ್ಲೇ ನನ್ನ ಮಾರಿ ಕಾಣುತ್ತದೆ.