ಗಾಜಿನ ಕಿಂಡಿಯೊಳಗಿನ ಸೈರನ್

ಮನುಷ್ಯರ ದನಿಗಿಂತ ಮೊದಲು ನಾನು ಅಣಕಿಸಲು ಕಲಿತದ್ದು ಸೈರನ್ನನ್ನು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆ ಸಂಜೆ ಶಿಫ್ಟ್ ಬಿಡುವಾಗ ಒಂದು ಉದ್ದ, ಎರಡು ಗಿಡ್ಡ ಕೂಗು ಹಾಕುತ್ತಿತ್ತು. ನಾನು ಅದನ್ನು ಹೊತ್ತಿಗೆ ಮುಂಚೆಯೇ ಮೂಗಿನಿಂದ ಕೂಗಿ, ಬೀದಿಯವರು ಗಡಿಯಾರದ ಮುಳ್ಳು ತಿರುಗಿಸುವುದನ್ನು ನೋಡಿ ನಗುತ್ತಿದ್ದೆ. ಓದಿನಲ್ಲೂ ನನಗೆ ಹೆಸರಿತ್ತು. ಒಂದಲ್ಲ, ಹಲವು, ಎಲ್ಲವೂ ಮೇಷ್ಟ್ರು ಬೈಯುತ್ತಾ ಇಟ್ಟದ್ದು.

ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಗೆಳೆಯನ ತಂದೆ ತೀರಿಕೊಂಡರು. ಸ್ವಲ್ಪ ದಿನಕ್ಕೆ ಕಾರ್ಖಾನೆಯೂ ಮುಚ್ಚಿತು. ಡಿಪ್ಲೊಮಾದ ಕೊನೆಯ ವರ್ಷ ನಾವಿಬ್ಬರೂ ಪ್ರಾಜೆಕ್ಟಿಗೆಂದು ಒಂದೇ ಬೋರ್ಡಿನ ಕಂಪ್ಯೂಟರ್ ಕಟ್ಟಲು ಹೊರಟಾಗ, ಗುಜರಿಯಲ್ಲಿ ಅದೇ ಕಾರ್ಖಾನೆಯ ಹಳೆಯ ಕಂಟ್ರೋಲ್ ಬೋರ್ಡ್ ಸಿಕ್ಕಿತು. ಅದರ ಎಂಟು ಬಿಟ್ಟಿನ ಪ್ರೊಸೆಸರ್ ಕಿತ್ತುಕೊಂಡೆವು, ವೈರಿಂಗನ್ನೂ ಇದ್ದ ಹಾಗೆಯೇ ನಕಲು ಮಾಡಿದೆವು. ನಕಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೆಸುಗೆಯಲ್ಲಿ ಮಾತ್ರ ತಂತಿಗಿಂತ ನನ್ನ ಬೆರಳೇ ಹೆಚ್ಚು ಸುಟ್ಟಿತು.

ಮೆಮೊರಿ ಚಿಪ್ಪೂ ಅದರದೇ, ಒಂದೇ ಒಂದು. ಬೆನ್ನ ಮೇಲೆ ಪುಟ್ಟ ಗಾಜಿನ ಕಿಂಡಿ. ಅದರ ಮೇಲೆ ವಾರಗಟ್ಟಲೆ ಬಿಸಿಲು ಬಿದ್ದರೆ ಹಳೆಯ ಪ್ರೋಗ್ರಾಂ ಅಳಿಸಿಹೋಗುತ್ತದೆ, ಆಮೇಲೆ ನಮ್ಮದನ್ನು ತುಂಬಬಹುದು. ಅಳಿಸದಿದ್ದರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದೆ ಪಾಸಿಲ್ಲ. ಗೆಳೆಯನ ತಾರಸಿಯಲ್ಲಿ ಅವನಮ್ಮ ಒಣಹಾಕುತ್ತಿದ್ದ ಸಂಡಿಗೆಯ ಪಕ್ಕ ಇಟ್ಟೆವು. ಕಾಗೆ ಕಚ್ಚಿಕೊಂಡು ಹೋದೀತೆಂದು ಆಂಟಿ ಸಂಡಿಗೆಯ ಜೊತೆ ಅದಕ್ಕೂ ಗಂಡನ ಹಳೆಯ ಪಂಚೆ ಹೊದಿಸುತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ.

ಖಾಲಿಯಾಗಿರಬೇಕೆಂದು ಒಂದು ಸಂಜೆ ಚಿಪ್ಪನ್ನು ಬೋರ್ಡಿಗೆ ಸಿಕ್ಕಿಸಿ ಕರೆಂಟು ಕೊಟ್ಟೆವು. ಖಾಲಿ ಚಿಪ್ಪು ಸುಮ್ಮನಿರಬೇಕು. ಬೋರ್ಡಿನ ಮೇಲೆ ನಾವು ಕೂರಿಸಿದ್ದ ಪುಟ್ಟ ಬಜರ್ ಕೂಗಿತು: ಒಂದು ಉದ್ದ, ಎರಡು ಗಿಡ್ಡ.

ಅಡುಗೆಮನೆಯಿಂದ ಆಂಟಿಯ ದನಿ ಬಂತು. “ಅದೊಂದು ಮಾಡ್ಬೇಡ ಕಣೋ. ಕೈ ಮುಗೀತೀನಿ.”

ನನ್ನ ಬಾಯಿ ತುಂಬ ಕರಿದ ಸಂಡಿಗೆ. ಗೆಳೆಯ ನನ್ನ ಬಾಯನ್ನೇ ನೋಡುತ್ತಿದ್ದ. ಬಜರ್ ಇನ್ನೊಮ್ಮೆ ಕೂಗಿತು. ಆಂಟಿ ಹೊರಬಂದರು. ನಮ್ಮತ್ತ ನೋಡದೆ ಮುಂಬಾಗಿಲಿನ ಚಿಲಕ ತೆಗೆದು, ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತರು. ಗಂಡ ಇದ್ದಾಗ ಸೈರನ್ ಕೇಳಿದೊಡನೆ ಹಾಗೆ ಮಾಡುವುದು ಅವರ ರೂಢಿ. ಗೆಳೆಯ ಕರೆಂಟು ಕಿತ್ತ.

ಚಿಪ್ಪಿನೊಳಗೆ ಕಾರ್ಖಾನೆಯ ಸೈರನ್ನಿನ ಪ್ರೋಗ್ರಾಂ ಇನ್ನೂ ಇದೆಯೆಂದು ಅವರಿಗೆ ಹೇಳಿದೆವು, ಅಳಿಸಲೇಬೇಕೆಂದೂ ಹೇಳಿದೆವು. ಚಿಪ್ಪನ್ನು ಮತ್ತೆ ತಾರಸಿಯಲ್ಲಿಟ್ಟೆವು. ಮರುದಿನ ಹೋಗಿ ನೋಡಿದರೆ ಅದರ ಮೇಲೆ ಪಂಚೆ ಇತ್ತು. ಅದನ್ನು ತೆಗೆಯೆಂದು ಅಮ್ಮನಿಗೆ ಹೇಳುವ ಧೈರ್ಯ ಗೆಳೆಯನಿಗಿರಲಿಲ್ಲ. ನನ್ನನ್ನು ಮುಂದೆ ತಳ್ಳಿ ತಾನು ಕಾಲೇಜಿನಲ್ಲೇ ಉಳಿದ.

ಆಂಟಿ ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ನನ್ನ ಜೊತೆ ತಾರಸಿಗೆ ಬಂದರು.

“ಆ ಕೂಗು ಅಳಿಸಿಹೋದ್ಮೇಲೆ ನಿನ್ನ ಬಾಯಲ್ಲಾದ್ರೂ ಇರುತ್ತಾ?” ಎಂದರು.

ಕೂಗಿ ತೋರಿಸಿದೆ.

“ಕೊನೇದು ಅಷ್ಟು ಎಳೀಬೇಡ. ಅದು ಕೆಮ್ಮಿದ ಹಾಗೆ ನಿಲ್ತಿತ್ತು.”

ಅವರು ತಲೆಯಾಡಿಸುವವರೆಗೆ ಕೂಗಿದೆ. ನನ್ನ ಅಣಕಕ್ಕೆ ಯಾರೂ ನಗದಿದ್ದದ್ದು ಅದೇ ಮೊದಲು, ನಾನೂ ನಗಲಿಲ್ಲ. ಆಮೇಲೆ ಆಂಟಿ ಪಂಚೆಯನ್ನು ಎತ್ತಿ, ಮಡಿಸಿ, ಹೆಗಲಿಗೆ ಹಾಕಿಕೊಂಡರು. ಇಳಿಬಿಸಿಲು ಗಾಜಿನ ಮೇಲೆ ಬಿತ್ತು.

ಕೆಲವು ವಾರಗಳಲ್ಲಿ ಚಿಪ್ಪು ಖಾಲಿಯಾಯಿತು, ಗೆಳೆಯ ಪಾಸಾದ, ಅವನ ನೆರಳಿನಲ್ಲಿ ನಾನೂ. ಅದಿರಲಿ. ಕೂಗಿ ತೋರಿಸಿದ ಆ ಸಂಜೆ ಆಂಟಿಯೂ ನಾನೂ ತಾರಸಿಯಿಂದ ಕೆಳಗಿಳಿದಾಗ, ಚಿಲಕ ಹಾಕಿದ್ದ ಮುಂಬಾಗಿಲು ತೆರೆದಿತ್ತು. ಗೆಳೆಯ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಆಂಟಿ ಒಂದು ಗಳಿಗೆ ನಿಂತರು. ಅದನ್ನು ಹಾಗೆಯೇ ಬಿಟ್ಟು ಒಳಗೆ ಹೋಗಿ ಕಾಫಿಗೆ ನೀರಿಟ್ಟರು.

ನಾನು ಬಾಗಿಲಿಗೆ ಬೆನ್ನು ಮಾಡಿ ಕೂರಲಿಲ್ಲ.